ಒಗೆಯದೇ ಉಳಿದ ಅರಿವೆ

ನನ್ನ ಮೊದಲ ಕೇಸು ನನಗೆ ಸಿಕ್ಕಿದ್ದು ನನ್ನ ಜಾಣತನದಿಂದಲ್ಲ. ನಮ್ಮ ಸೀನಿಯರ್‌ಗೆ ಆ ಹೊತ್ತಿನಲ್ಲಿ ಊಟದ ಮೇಲಿನ ನಿದ್ದೆ ಬರುತ್ತಿತ್ತು, ಅದಕ್ಕೆ ಸಿಕ್ಕಿತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಬಳ್ಳಾರಿಯಲ್ಲಿ ಕರಿಕೋಟು ಹಾಕಿಕೊಂಡು ಓಡಾಡುವ ಹೆಂಗಸರನ್ನು ಎಣಿಸಲು ಒಂದು ಕೈಯ ಬೆರಳುಗಳು ಸಾಕಾಗುತ್ತಿದ್ದವು. ಈ ಬಿಸಿಲೂರಿನಲ್ಲೂ ಕರಿಕೋಟೇ ಹಾಕಬೇಕೆಂದು ಯಾರು ನಿಯಮ ಮಾಡಿದರೋ, ಅವರನ್ನು ಏಪ್ರಿಲ್ ತಿಂಗಳಲ್ಲಿ ಒಂದು ದಿನ ನಮ್ಮ ವಕೀಲರ ಕೋಣೆಯಲ್ಲಿ, ಫ್ಯಾನು ಕೆಟ್ಟ ಮೂಲೆಯಲ್ಲಿ, ಕೂಡಿಸಬೇಕೆಂದು ನನಗೆ ಬಹಳ ಆಸೆಯಿತ್ತು. ವಕೀಲಳಾಗಿ ಎರಡು ವರ್ಷವಾಗಿದ್ದರೂ ನನ್ನ ಕೆಲಸವೆಂದರೆ ವಾಯಿದೆ ಕೇಳಿಕೊಂಡು ಬರುವುದು, ಫೈಲು ಹೊರುವುದು, ಸೀನಿಯರ್ ಹೇಳಿದ್ದನ್ನು ಬರೆದುಕೊಳ್ಳುವುದು ಇಷ್ಟೇ. ಅವರು ಬಳ್ಳಾರಿ ಇನ್ನೂ ಮದರಾಸಿಗೆ ಸೇರಿದ್ದಾಗ ಕಾನೂನು ಓದಿದವರು. ಸಿಟ್ಟು ಬಂದರೆ ಇಂಗ್ಲಿಷು, ಅಂತಃಕರಣ ಬಂದರೆ ತೆಲುಗು, ಊಟಕ್ಕೂ ಕೇಸಿಗೂ ಕನ್ನಡ.

ಆ ಮಧ್ಯಾಹ್ನ ಐದು ಜನ ಹೆಂಗಸರು ನಮ್ಮ ಆಫೀಸಿನ ಕಟ್ಟೆಯ ಮೇಲೆ ಬಂದು ಕೂತರು. ಬಾದನಹಟ್ಟಿಯಿಂದ ಇನ್ನೂ ಒಳಗೆ ಹೋದರೆ ಸಿಗುವ ಒಂದು ಸಣ್ಣ ಊರಿನವರು. ಕುರುಗೋಡಿನ ತನಕ ನಡೆದು, ಅಲ್ಲಿಂದ ಬಸ್ಸು ಹಿಡಿದಿದ್ದರು. ಸೀನಿಯರ್ ಒಂದೇ ಕಣ್ಣು ತೆರೆದು ಕೇಳಿದರು. ನೀರು ಎಂಬ ಮಾತು ಬಂತು, ಕೊಡ ಎಂಬ ಮಾತು ಬಂತು. "ಅಮ್ಮಾಯಿ, ಇದು ನಿಂದು ನೋಡು. ನೀರಿನ ಕೇಸು, ಹೆಂಗಸರ ಕೇಸು" ಎಂದು ಹೇಳಿ ಆ ಕಣ್ಣನ್ನೂ ಮುಚ್ಚಿದರು. ನನಗೆ ಮೈಯೆಲ್ಲ ಉರಿಯಿತು. ನೀರು ಗಂಡಸರು ಕುಡಿಯುವುದಿಲ್ಲವೇನು ಎಂದು ಕೇಳಬೇಕೆಂದಿದ್ದೆ, ಆದರೆ ಅಷ್ಟರಲ್ಲಿ ಗೊರಕೆ ಶುರುವಾಗಿತ್ತು.

ಐವರಲ್ಲಿ ಮುಂದಿದ್ದವಳು ಅರವತ್ತರ ಆಸುಪಾಸಿನ ಮುದುಕಿ. ಹಣೆ ತುಂಬ ವಿಭೂತಿ, ಎತ್ತರದ ಮೈಕಟ್ಟು, ಬೀದಿಯ ಆ ತುದಿಗೆ ಕೇಳುವ ದನಿ. ಆಕೆಯನ್ನು ಇಲ್ಲಿ ಅತ್ತೆ ಎಂದೇ ಕರೆಯುತ್ತೇನೆ, ಯಾಕೆಂದರೆ ಊರಲ್ಲಿ ಆಕೆ ಮುಖ್ಯವಾಗಿ ಅದೇ ಆಗಿದ್ದಳು. ಪಕ್ಕದಲ್ಲಿ ಆಕೆಯ ನೆರೆಮನೆಯ ಬೀಬಿ ಕೂತಿದ್ದಳು. ಅತ್ತೆ ಮಾತು ಮುಗಿಸಿದಲ್ಲೆಲ್ಲ "ಖರೇ ಐತಿ" ಎಂದು ಮುದ್ರೆ ಒತ್ತುವುದು ಬೀಬಿಯ ಕೆಲಸ.

"ನಮ್ಮ ಕೆರಿಗೆ ಗಿರಣಿಯವರು ಭತ್ತ ನೆನಸಿದ ನೀರು ಬಿಡಾಕ ಹತ್ಯಾರ್ರಿ ವಕೀಲಮ್ಮಾರ," ಎಂದಳು ಅತ್ತೆ. "ಕೊಡ ಮುಳುಗಿಸಿದ್ರ ನೊರಿ ಬರ್ತೈತಿ. ಹುಡುಗ್ರಿಗೆಲ್ಲ ಭೇದಿ. ಮೂಗು ಹಿಡಕೊಂಡು ನೀರು ಕುಡಿಯೂದು ಯಾವ ಸೀಮಿ ಬಾಳೇವ್ರಿ?"

"ಖರೇ ಐತಿ," ಎಂದಳು ಬೀಬಿ.

ಸಿರುಗುಪ್ಪದ ಕಡೆಯಿಂದ ಲಾರಿಯಲ್ಲಿ ಭತ್ತ ತರಿಸಿ, ನೆನೆಸಿ, ಬೇಯಿಸಿ, ಒಣಗಿಸಿ ಅಕ್ಕಿ ಮಾಡುವ ಗಿರಣಿ ಅದು. ಊರ ಹೊರಗೆ ಹೊಸದಾಗಿ ಎದ್ದಿತ್ತು. ಭತ್ತ ನೆನೆಸಿದ ತೊಟ್ಟಿಯ ನೀರನ್ನು ಎಲ್ಲಿ ಚೆಲ್ಲಬೇಕೆಂದು ಕಟ್ಟಿಸಿದವರು ಯೋಚಿಸಿರಲಿಲ್ಲ. ಪಕ್ಕದಲ್ಲೇ ಒಂದು ಸಣ್ಣ ಕಾಲುವೆ ಹೋಗುತ್ತಿತ್ತು, ಚರಂಡಿ ತೋಡಿ ಅದಕ್ಕೆ ಬಿಟ್ಟರು. ಆ ಸಣ್ಣ ಕಾಲುವೆ ತುಂಗಭದ್ರೆಯ ನೀರನ್ನು ಊರಿನ ಕುಡಿಯುವ ಕೆರೆಗೆ ತರುವಂಥದ್ದು. ಊರಿನ ಬಾವಿಗಳೆಲ್ಲ ಉಪ್ಪು, ಬಾಯಿಗಿಡಲು ಬರುವುದಿಲ್ಲ. ಕುಡಿಯಲು ಆ ಕೆರೆಯೊಂದೇ. ಯಾರ್ಯಾರು ಯಾವ ಮೆಟ್ಟಿಲಿನಿಂದ ಇಳಿದು ನೀರು ತುಂಬಬೇಕೆಂಬ ಕಟ್ಟಳೆ ಆ ಕೆರೆಯಲ್ಲಿ ಆಗಿನ್ನೂ ಇತ್ತು. ಗಿರಣಿಯ ನೀರು ಅದ್ಯಾವುದನ್ನೂ ಕೇಳದೆ ಎಲ್ಲರ ಮೆಟ್ಟಿಲಿಗೂ ಬಂದು ನಿಂತಿತ್ತು.

"ಗಿರಣಿಯವರಿಗೆ ಹೇಳಿದಿರೇನು?" ಎಂದು ಕೇಳಿದೆ.

"ಹೇಳಿದಿವ್ರಿ. ನೀರಾಗ ಅನ್ನದ ಸತ್ವ ಐತಿ, ಹುಡುಗ್ರು ದಪ್ಪ ಆಕ್ಕಾವ ಬಿಡ್ರಿ ಅಂದ್ರು."

ಸಂಜೆ ಕಾಫಿ ಕುಡಿದು ಎಚ್ಚರವಾದ ಮೇಲೆ ಸೀನಿಯರ್ ನಿಜವಾಗಿ ಸಹಾಯ ಮಾಡಿದರು. "ದಾವಾ ಹಾಕಿದ್ರೆ ನಿನ್ನ ಮೊಮ್ಮಕ್ಕಳು ತೀರ್ಪು ಕೇಳ್ತಾವೆ ಅಮ್ಮಾಯಿ. ಅಸಿಸ್ಟೆಂಟ್ ಕಮಿಷನರ್ ಹತ್ರ ಅರ್ಜಿ ಕೊಡು. ಸೆಕ್ಷನ್ ನೂರಾ ಮೂವತ್ತಮೂರು, ಸಾರ್ವಜನಿಕ ಉಪದ್ರವ. ಉಪದ್ರವ ಇದೆ ಅಂತ ಅವರಿಗೆ ಕಂಡ್ರೆ ಸಾಕು, ನಿಲ್ಲಿಸು ಅಂತ ಆದೇಶ ಮಾಡಬಹುದು." ಅರ್ಜಿ ಬರೆದೆ. ಮೂರು ಸಲ ಹರಿದು ನಾಲ್ಕನೇ ಸಲಕ್ಕೆ ನನಗೇ ಇಷ್ಟವಾಯಿತು. ಅಸಿಸ್ಟೆಂಟ್ ಕಮಿಷನರ್ ಸಾಹೇಬರು ಮಂಡ್ಯದ ಕಡೆಯ ಚಿಕ್ಕ ವಯಸ್ಸಿನ ಅಧಿಕಾರಿ, ಓದದೆ ಸಹಿ ಮಾಡುವವರಲ್ಲ. ಪೂರ್ತಿ ಓದಿದರು. ಚರಂಡಿ ಮುಚ್ಚಿ, ಇಲ್ಲವೇ ಯಾಕೆ ಮುಚ್ಚಬಾರದೆಂದು ಬಂದು ಹೇಳಿ ಎಂದು ಗಿರಣಿಗೆ ಷರತ್ತಿನ ಆದೇಶ ಹೊರಡಿಸಿದರು. ಅರ್ಧ ಯುದ್ಧ ಗೆದ್ದೆ ಎಂದು ನಾನು ಮನೆಗೆ ಹೋಗುವಾಗ ಮಿರ್ಚಿ ಭಜಿ ಕಟ್ಟಿಸಿಕೊಂಡು ಹೋದೆ.

ಗಿರಣಿಯವರು ಮುಚ್ಚಲಿಲ್ಲ, ವಕೀಲರನ್ನು ಹಿಡಿದುಕೊಂಡು ಬಂದರು. ದುಂಡನೆಯ, ನಗುಮುಖದ, ಯಾರ ಮನೆಯ ಮದುವೆಯಲ್ಲೂ ಮೊದಲ ಪಂಕ್ತಿ ತಪ್ಪಿಸದ ವಕೀಲರು ಅವರು. ನೀರಿಗೆ ಏನೂ ಆಗಿಲ್ಲ, ಎಲ್ಲ ಹೊಟ್ಟೆಕಿಚ್ಚಿನ ಅರ್ಜಿ ಎಂದರು. ಸಾಹೇಬರು ಸರಳವಾಗಿ ಯೋಚಿಸಿದರು. "ಮುಂದಿನ ವಾಯಿದೆಗೆ ಕೆರೆ ನೀರನ್ನೇ ತನ್ನಿ. ನೋಡೋಣ."

ನಾನು ಹೆಂಗಸರಿಗೆ ಒತ್ತಿ ಹೇಳಿ ಕಳಿಸಿದೆ: ನೀರು ತನ್ನಿರಿ, ಮರೆಯಬೇಡಿರಿ, ದಿನಾ ಕುಡಿಯುವ ನೀರೇ ಆಗಬೇಕು. ನನ್ನ ತಪ್ಪು ಅಲ್ಲೇ ಆಯಿತು.

ವಾಯಿದೆಯ ದಿನ ಐದು ಜನರೂ ಐದು ತಾಮ್ರದ ಕೊಡ ಹೊತ್ತುಕೊಂಡು ಬಂದರು. ಹುಣಸೆಹಣ್ಣು ಹಚ್ಚಿ ಬೆಳಗಿದ್ದ ಕೊಡಗಳು, ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದಿತ್ತು. ಸಾಹೇಬರ ಜವಾನ ಒಂದು ಗಾಜಿನ ಲೋಟಕ್ಕೆ ನೀರು ಬಗ್ಗಿಸಿದ. ಲೋಟದಾಚೆ ಗೋಡೆಯ ಮೇಲಿನ ಕ್ಯಾಲೆಂಡರಿನ ತಾರೀಖು ಸ್ವಚ್ಛವಾಗಿ ಓದಲು ಬರುತ್ತಿತ್ತು. ಎದುರು ಪಕ್ಷದ ವಕೀಲರು ಅಪ್ಪಣೆ ಕೇಳಿ ಒಂದು ಲೋಟ ಕುಡಿದರು, ಬಾಯಿ ಚಪ್ಪರಿಸಿದರು, ಎರಡನೇ ಲೋಟ ಬಗ್ಗಿಸಿಕೊಂಡರು.

"ಲಾಮಂಚದ ಬೇರು ಹಾಕ್ಯಾರ್ರಿ ಸಾಹೇಬ್ರ. ನಮ್ಮ ಮನ್ಯಾಗೂ ಇಂಥಾ ನೀರಿಲ್ಲ," ಎಂದರು.

ಬಿಸಿಲು ಹಾಗಿತ್ತು. ಸಾಹೇಬರೂ ಒಂದು ಲೋಟ ಕುಡಿದರು. ನನಗೂ ಬಾಯಾರಿತ್ತು, ಸಿಟ್ಟಿಗೆ ಕುಡಿಯಲಿಲ್ಲ.

ಹೊರಗೆ ಬಂದು ಬೇವಿನ ಮರದ ಕೆಳಗೆ ಐದೂ ಜನರನ್ನು ನಿಲ್ಲಿಸಿ ನಾನು ಬೈದದ್ದು ಬೈದದ್ದೇ. ಅವರು ನನ್ನನ್ನು ಕನಿಕರದಿಂದ ನೋಡಿದರು. ಏನಾಗಿತ್ತೆಂದರೆ, ಅವರು ನನ್ನ ಮಾತು ಮೀರಿರಲೇ ಇಲ್ಲ. ಆ ನೀರನ್ನು ನಾಲ್ಕು ಪದರಿನ ಅರಿವೆಯಲ್ಲಿ ಎರಡು ಸಲ ಸೋಸಿದ್ದರು, ಪಟಿಕ ಆಡಿಸಿ ರಾತ್ರಿಯೆಲ್ಲ ತಿಳಿ ಬಿಟ್ಟಿದ್ದರು, ವಾಸನೆ ಹೋಗಲೆಂದು ಲಾಮಂಚ ಹಾಕಿದ್ದರು.

"ಸೋಸದ ನೀರು ಹೆಂಗ ಕೊಡಾಕ ಬರ್ತೈತ್ರಿ?" ಎಂದಳು ಅತ್ತೆ. "ಮನಿಗೆ ಬಂದ ಭಿಕ್ಷುಕಗೂ ನಾವು ಸೋಸಿ ಕೊಡ್ತೀವಿ. ದೊಡ್ಡ ಸಾಹೇಬ್ರ ಮುಂದ ಹೊಲಸು ನೀರು ಇಟ್ಟು, ಇದು ನಮ್ಮನಿ ನೀರು ಅಂತ ಹೇಳಾಕ ನಾವೇನು ಮಾನಗೇಡಿಗಳಾ?"

"ಖರೇ ಐತಿ," ಎಂದಳು ಬೀಬಿ.

ಹೊಲಸು ಇದೆಯೆಂದು ದೂರು ಕೊಟ್ಟವರೇ ಹೊಲಸನ್ನು ತೋರಿಸಲು ನಾಚಿದರೆ ಯಾವ ಸೆಕ್ಷನ್ನು ಏನು ಮಾಡುತ್ತದೆ? ನಾನು ಮತ್ತೆ ಹೋಗಿ ಸಾಹೇಬರ ಕಾಲು ಹಿಡಿಯುವುದೊಂದು ಬಾಕಿ. ಊರಿಗೇ ಬಂದು ಕಣ್ಣಾರೆ ನೋಡಿ ಎಂದು ಬೇಡಿಕೊಂಡೆ. ಒಳ್ಳೆಯವರು, ಒಪ್ಪಿದರು. ಸ್ಥಳ ಪರಿಶೀಲನೆಯ ದಿನವನ್ನು ಕಾನೂನಿನಂತೆ ಎರಡೂ ಪಕ್ಷಕ್ಕೆ ತಿಳಿಸಿದರು.

ಎರಡೂ ಪಕ್ಷದವರೂ ತಯಾರಾದರು. ಗಿರಣಿಯವರು ಚರಂಡಿಯ ಬಾಯಿಗೆ ಗೋಣಿಚೀಲ ತುರುಕಿ, ಮಣ್ಣು ಮೆತ್ತಿ, ಮೇಲೆ ಹುಲ್ಲು ಹಾಸಿದರು. ಅದು ಗಿರಣಿಯವರು ಮಾಡಬೇಕಾದದ್ದೇ. ನಮ್ಮವರು ಏನು ಮಾಡಿದರು ಕೇಳಿ. ಊರಿಗೆ ಸಾಹೇಬರು ಬರುತ್ತಾರೆಂದು ಊರಿಗೆ ಊರೇ ಕೆರೆಗೆ ಇಳಿದು ನೊರೆ ಬಾಚಿತು, ಪಾಚಿ ತೆಗೆಯಿತು, ನೀರಿಗೆ ಪಟಿಕ ಹಾಕಿತು. ಮೆಟ್ಟಿಲಿಗೆಲ್ಲ ಸುಣ್ಣ. ಸುಣ್ಣದ ಅಂಚಿಗೆ ಕೆಮ್ಮಣ್ಣು. ಜೀಪು ನಿಂತಲ್ಲಿಂದ ಕೆರೆಯ ತನಕ ರಂಗೋಲಿ ಹಾಕಿದ್ದರು. ಆ ರಂಗೋಲಿ ತುಳಿಯದಂತೆ ಸಾಹೇಬರು ಪಕ್ಕಪಕ್ಕಕ್ಕೆ ಹೆಜ್ಜೆಯಿಟ್ಟು ನಡೆದರು, ಹಿಂದೆ ನಾನು ಹಲ್ಲು ಕಡಿಯುತ್ತ ನಡೆದೆ.

"ತುಂಬಾ ಚೊಕ್ಕಟವಾಗಿ ಇಟ್ಟುಕೊಂಡಿದ್ದೀರಿ," ಎಂದರು ಸಾಹೇಬರು.

ಅತ್ತೆಯ ಮುಖ ಅರಳಿತು. ಎದುರು ಪಕ್ಷದ ವಕೀಲರ ಮುಖ ಅದಕ್ಕಿಂತ ಅರಳಿತು.

ಜೀಪು ಹತ್ತುವ ಮುಂಚೆ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು. "ನೋಡಿ ಮೇಡಂ, ನಾನು ಕಂಡದ್ದನ್ನೇ ಬರೀಬೇಕು. ಇನ್ನೊಂದು ವಾಯಿದೆ ಕೊಡ್ತೀನಿ, ಹತ್ತು ದಿನ. ಅಷ್ಟರಲ್ಲಿ ಪುರಾವೆ ತರದಿದ್ರೆ ಆದೇಶ ವಾಪಸು ತಗೋಬೇಕಾಗುತ್ತೆ." ಆದೇಶ ವಾಪಸಾದರೆ ಏನಾಗುತ್ತದೆಂದು ಕೇಳುವ ಅಗತ್ಯವಿರಲಿಲ್ಲ. ಗಿರಣಿಯ ಅಂಗಳದಲ್ಲಿ ಚರಂಡಿಯನ್ನು ಪಕ್ಕಾ ಮಾಡಲು ಕಡಪದ ಬಂಡೆಗಳು ಆಗಲೇ ಬಂದು ಬಿದ್ದಿದ್ದವು. ಆಮೇಲೆ ಆ ಊರಿನ ಮಕ್ಕಳು ಹುಟ್ಟಿದ ದಿನದಿಂದ ಸಾಯುವ ದಿನದ ತನಕ ಅದೇ ನೀರು ಕುಡಿಯಬೇಕು.

ಸಾಹೇಬರು ಹೋದ ಮೇಲೆ ನಾನು ಕೆರೆಯ ಸುಣ್ಣದ ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತೆ. ಕೂತಾಗ ಒಂದು ಮಾತು ಹೊಳೆಯಿತು. ಇವರು ನೀರು ಸೋಸುತ್ತಾರೆ. ಸೋಸಿದರೆ ಹೊಲಸು ಎಲ್ಲಿ ಹೋಗುತ್ತದೆ? ಅರಿವೆಯಲ್ಲಿ ಉಳಿಯುತ್ತದೆ. ನಾನು ಎದ್ದವಳೇ ಮನೆಮನೆಗೆ ನುಗ್ಗಿ "ಸೋಸೋ ಅರಿವಿ ತೋರಿಸ್ರಿ" ಎಂದು ಕೇಳುತ್ತ ಹೊರಟೆ. ವಕೀಲಮ್ಮನಿಗೆ ಸೋಲಿನಿಂದ ತಲೆ ಕೆಟ್ಟಿದೆ ಎಂದು ಜನ ತಿಳಿದರೋ ಏನೋ, ಯಾರೂ ಇಲ್ಲವೆನ್ನಲಿಲ್ಲ. ಎಲ್ಲರೂ ತೋರಿಸಿದರು. ಒಂದೊಂದು ಅರಿವೆಯೂ ಸಬಕಾರ ಹಾಕಿ ಒಗೆದು, ಬಿಸಿಲಿಗೆ ಒಣಗಿಸಿ, ಮಡಿಚಿಟ್ಟದ್ದು. ಸಾಹೇಬರು ಒಳಗೇನಾದರೂ ಬಂದರೆ ಇರಲಿ ಎಂದು ಎಲ್ಲರೂ ಹಿಂದಿನ ದಿನವೇ ಒಗೆದಿದ್ದರು. ಬೀಬಿಯಂತೂ ಎರಡು ಸಲ ಒಗೆದಿದ್ದಳು. ಆ ಊರಿನ ಚೊಕ್ಕಟತನ ಕಂಡು ನನಗೆ ಅಳು ಬಂತು.

ಕೊನೆಗೆ ಅತ್ತೆಯ ಮನೆ. ಅಡಿಗೆಮನೆಯ ಗಡಿಗೆಯ ಮೇಲೆ ಅತ್ತೆಯ ಅರಿವೆ, ಹಾಲಿನ ಬಣ್ಣದ್ದು. ನಾನು ತಿರುಗಿ ಹೊರಡಬೇಕು, ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಒಂದು ನಾತ ಬಂತು. ಹಿತ್ತಲಿನ ಸೌದೆ ರಾಶಿಯ ಮರೆಯಲ್ಲಿ ಇನ್ನೊಂದು ಗಡಿಗೆ, ಅದರ ಬಾಯಿಗೆ ಕಟ್ಟಿದ ನಾಲ್ಕು ಪದರಿನ ಹಳೇ ಧೋತರದ ತುಂಡು. ಅದರ ಬಣ್ಣವನ್ನು ನಾನು ಇಲ್ಲಿ ಬರೆಯುವುದಿಲ್ಲ. ಭತ್ತದ ಹೊಟ್ಟು, ತೌಡು, ಲೋಳೆ, ಎಲ್ಲ ಪದರು ಪದರಾಗಿ ಕೂತು ಹಪ್ಪಳದಂತೆ ಗಟ್ಟಿಯಾಗಿತ್ತು. ಎರಡು ವಾರದಿಂದ ದಿನಾ ಅದರ ಮೇಲೇ ನೀರು ಸುರಿದಿದ್ದರು, ಒಮ್ಮೆಯೂ ಬಿಚ್ಚಿರಲಿಲ್ಲ. ಅದನ್ನು ಕಂಡು ನನಗಾದ ಸಂತೋಷ, ಮುಂದೆ ನನ್ನ ಮದುವೆ ಗೊತ್ತಾದಾಗಲೂ ಆಗಲಿಲ್ಲ.

ಅದು ಅತ್ತೆಯ ಸೊಸೆಯ ಗಡಿಗೆ, ಆಕೆಯ ಕೈಯ ನೀರು ಬೇಡವೆಂದು ಅತ್ತೆಯೇ ಬೇರೆ ಇಡಿಸಿದ್ದಳು. ಸೊಸೆ ಗೋಡೆಗೆ ಅಂಟಿಕೊಂಡು ಬಾಯಿಗೆ ಸೆರಗು ಒತ್ತಿ ನಿಂತಿದ್ದಳು. ಮೂವತ್ತರ ಒಳಗಿನ ಸಣಕಲು ಹೆಂಗಸು. ಊರಿಗೆಲ್ಲ ಆಕೆ ಹೊಲಸು ಎಂದು ಹೆಸರು. ಆ ಹೆಸರು ಇಟ್ಟದ್ದು ಅತ್ತೆ, ಹದಿನಾಲ್ಕು ವರ್ಷದಿಂದ ಕೆರೆಯ ಮೆಟ್ಟಿಲ ಮೇಲೆ ದಿನಾ ಬೆಳಿಗ್ಗೆ ಊರಿಗೆ ನೆನಪು ಮಾಡಿಕೊಟ್ಟದ್ದೂ ಅತ್ತೆ. ಇಕಿ ಹಾಸಿಗಿ ಮಡಚಲ್ಲ, ಇಕಿ ಪಾತ್ರಿ ಬೆಳಗಲ್ಲ, ಇಕಿ ಕೈಯಾಗಿನ ನೀರು ಕುಡಿಯಾಕ ಮನಸಾಗಲ್ಲ. ನನ್ನ ತಾಯಿಯೂ ನನ್ನ ಬಗ್ಗೆ ಬೀದಿಯಲ್ಲಿ ಹೀಗೇ ಹೇಳುತ್ತಿದ್ದರು, ಆದ್ದರಿಂದ ನನಗೆ ಆಕೆಯ ಮೇಲೆ ನೋಡಿದ ಕೂಡಲೇ ಅಕ್ಕರೆ ಹುಟ್ಟಿತು.

ಅತ್ತೆ ಆ ಅರಿವೆಯನ್ನು ಕಂಡವಳೇ ಮೇಲೆ ಬಿದ್ದು ಕಿತ್ತುಕೊಂಡು ಬಕೀಟಿಗೆ ಹಾಕಲು ಹೊರಟಳು. ನಾನು ಇನ್ನೊಂದು ಚುಂಗು ಹಿಡಿದೆ. "ಬಿಡ್ರಿ, ನನ್ನ ಮಾನ ಹೋಗ್ತೈತಿ," ಎನ್ನುತ್ತ ಆಕೆ ಎಳೆದಳು. "ಬಿಟ್ಟರೆ ನನ್ನ ಕೇಸು ಹೋಗುತ್ತದೆ" ಎಂದು ನಾನೆಳೆದೆ. ಬಿ.ಎ., ಎಲ್ಎಲ್.ಬಿ. ಮಾಡಿದ್ದು ಹಿತ್ತಲಿನಲ್ಲಿ ಮುದುಕಿಯ ಜೊತೆ ಚಿಂದಿ ಜಗ್ಗಾಡಲಿಕ್ಕೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ಸಾಲಿ ಟೀಚರ್ ಆಗುತ್ತಿದ್ದೆ. ನಮ್ಮ ಜಗ್ಗಾಟ ನೋಡುತ್ತಿದ್ದ ಸೊಸೆ ಆಗ ಮೊದಲ ಸಲ ಮಾತಾಡಿದಳು.

"ಒಯ್ಯಲಿ ಬಿಡ್ರಿ ಅತ್ತಿ. ಹೆಂಗೂ ನನ್ನ ಹೆಸರು ಕೆಟ್ಟೈತಿ. ಕೆರಿನರ ಉಳೀಲಿ."

ಅತ್ತೆಯ ಕೈ ಸಡಿಲವಾಯಿತು.

ಅರಿವೆಯನ್ನು ನಾನು ಒಯ್ಯುವಂತಿರಲಿಲ್ಲ. ವಕೀಲರೇ ಪುರಾವೆ ಹೊತ್ತು ತಂದರೆ ಅದಕ್ಕೆ ಬೆಲೆಯಿಲ್ಲ. ಸಾಕ್ಷಿಯೇ ತರಬೇಕು. ಅಂದರೆ ಹತ್ತು ದಿನ ಆ ಅರಿವೆ ಆ ಊರಿನಲ್ಲಿ ಒಗೆಯದೇ ಉಳಿಯಬೇಕು. ಅತ್ತೆಯಿಂದ ದೇವರ ಜಗಲಿಯ ಮುಂದೆ ಆಣೆ ಮಾಡಿಸಿಕೊಂಡು ಬಂದೆ. ಆಮೇಲೆ ಗೊತ್ತಾದದ್ದು, ಎರಡನೇ ದಿನವೇ ಅತ್ತೆಗೆ ಕೈ ತುರಿಸತೊಡಗಿ, ಆಣೆ ಮುರಿದೀತೆಂದು ಹೆದರಿ ಅರಿವೆಯನ್ನು ಬೀಬಿಗೆ ಕೊಟ್ಟಳಂತೆ. ಬೀಬಿ ಒಂದು ರಾತ್ರಿ ಇಟ್ಟುಕೊಂಡು, "ಯಕ್ಕಾ, ನನ್ನ ಕಣ್ಣಿಗೆ ನಿದ್ದಿ ಇಲ್ಲ, ಅದನ್ನು ಒಗೀಲಿಲ್ಲ ಅಂದ್ರ ನಾನು ಸಾಯ್ತೀನಿ," ಎಂದು ವಾಪಸು ತಂದಳಂತೆ. ಹಾಗೆ ಅದು ಐದೂ ಅರ್ಜಿದಾರರ ಮನೆ ಸುತ್ತಿ ಬಂತು. ಯಾರ ಕೈಯಲ್ಲೂ ಅದಕ್ಕೆ ಭದ್ರತೆಯಿರಲಿಲ್ಲ. ಕಡೆಗೆ ಸೊಸೆಯೇ ತನ್ನ ತವರಿನ ಟ್ರಂಕಿನಲ್ಲಿಟ್ಟು ಬೀಗ ಹಾಕಿಕೊಂಡಳು. "ನನಗಂತೂ ಒಗೀಬೇಕು ಅನ್ಸೂದಿಲ್ಲ," ಎಂದಳಂತೆ.

ವಾಯಿದೆಯ ದಿನ ಸೊಸೆ ಆ ಟ್ರಂಕನ್ನೇ ಹೊತ್ತುಕೊಂಡು ಬಂದಳು. ಕಂಡಕ್ಟರು ಬಸ್ಸಿನ ಮೇಲೆ ಹಾಕೆಂದರೂ ಕೇಳದೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳಂತೆ. ಸಾಹೇಬರ ಮುಂದೆ ಟ್ರಂಕು ತೆರೆದಾಗ ಕಿಟಕಿಯ ಬಳಿ ಕೂತಿದ್ದ ಗುಮಾಸ್ತ ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆದ. ಸಾಹೇಬರು ಕರವಸ್ತ್ರ ತೆಗೆದರು. ಎದುರು ಪಕ್ಷದ ವಕೀಲರು, ಊಟದ ಹೊತ್ತಾಗಿದ್ದರಿಂದ, ಸ್ವಲ್ಪ ಹಿಂದಕ್ಕೆ ಸರಿದರು. ನಾನು ಅಕ್ಕಪಕ್ಕ ನೋಡಿದೆ. ಎಲ್ಲರ ಮುಖವೂ ಗಂಟಿಕ್ಕಿತ್ತು. ನನ್ನದೊಂದೇ ಬೆಳಗುತ್ತಿತ್ತು.

ಅದು ಬಹಳ ಹೊತ್ತು ಬೆಳಗಲಿಲ್ಲ. ಎದುರು ವಕೀಲರು ಊರಿನ ಸುದ್ದಿಯನ್ನೆಲ್ಲ ತಿಳಿದುಕೊಂಡೇ ಬಂದಿದ್ದರು. ಪಾಟೀಸವಾಲು ಶುರುಮಾಡಿದರು.

"ಈ ಅರಿವಿ ಎಷ್ಟು ದಿನದಿಂದ ಒಗದಿರಲಿಲ್ಲವ್ವಾ?"

"ಎರಡು ವಾರ ಇರ್ಬೇಕ್ರಿ. ಜಾಸ್ತಿನೂ ಇರ್ಬೇಕು."

"ಊರಾಗ ಬ್ಯಾರೆಯವ್ರು?"

"ಅವ್ರು ದಿನಾ ಒಗೀತಾರ್ರಿ."

"ಊರಾಗ ನಿನಗ ಏನಂತಾರ?"

ಸೊಸೆ ನನ್ನನ್ನು ನೋಡಿದಳು. ನಾನು ಆಕ್ಷೇಪಣೆ ಎಂದೆ. ಸಾಹೇಬರು ಹೇಳಲಿ ಬಿಡಿ ಎಂದರು.

"ಹೊಲಸು ಅಂತಾರ್ರಿ," ಎಂದಳು ಸೊಸೆ. ತಲೆ ತಗ್ಗಿಸಲಿಲ್ಲ, ಆದರೆ ದನಿ ಇಳಿದುಹೋಯಿತು.

ವಕೀಲರು ಸಾಹೇಬರ ಕಡೆ ತಿರುಗಿದರು. ಇಡೀ ಊರಿನ ಅರಿವೆಗಳೆಲ್ಲ ಬೆಳ್ಳಗಿವೆ, ಒಬ್ಬಳದು ಮಾತ್ರ ಹೊಲಸು, ಆಕೆ ಹೊಲಸೆಂದು ಊರಿಗೇ ಗೊತ್ತು, ಅಂದಮೇಲೆ ಈ ಹೊಲಸು ಕೆರೆಯದೋ ಆಕೆಯದೋ ಸಾಹೇಬರೇ ಹೇಳಲಿ, ಎಂದು ಹೊಟ್ಟೆಯ ಮೇಲೆ ಕೈಯಿಟ್ಟು ಕೂತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಇದ್ದೊಂದು ಮಾನವನ್ನೂ ನಮಗಾಗಿ ಬಿಚ್ಚಿಟ್ಟ ಆ ಹುಡುಗಿಯನ್ನು ನಾನೇ ಇಲ್ಲಿಗೆ ಎಳೆದು ತಂದೆನಲ್ಲ ಎಂದುಕೊಂಡೆ.

ಆಗ ಹಿಂದಿನ ಬೆಂಚಿನಿಂದ ಆ ದನಿ ಕೇಳಿಸಿತು. "ಸಾಹೇಬ್ರ, ನಾನೊಂದು ಮಾತು ಹೇಳ್ಬೇಕು." ಅತ್ತೆ ಎದ್ದು ನಿಂತಿದ್ದಳು. ಆಕೆಯನ್ನು ಸಾಕ್ಷಿಯಾಗಿ ಕರೆಯುವ ಯೋಚನೆ ನನಗೆ ಕನಸಿನಲ್ಲೂ ಇರಲಿಲ್ಲ. ಸೊಸೆಯ ಬಗ್ಗೆ ಆ ಬಾಯಿಂದ ಏನು ಬಂದೀತೆಂದು ಯಾರಿಗೆ ಗೊತ್ತಿಲ್ಲ? ಸಾಹೇಬರು ಕರೆಸಿಯೇ ಬಿಟ್ಟರು, ಪ್ರಮಾಣ ಮಾಡಿಸಿದರು. ಎದುರು ವಕೀಲರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವರೇ ಮೊದಲ ಪ್ರಶ್ನೆ ಕೇಳಿದರು.

"ನಿಮ್ಮ ಸೊಸಿ ಚೊಕ್ಕಟ ಅದಾಳೇನವ್ವಾ?"

"ಇಲ್ರಿ. ಆಣಿ ಮಾಡೀನಿ, ಸುಳ್ಳು ಹೇಳೂದಿಲ್ಲ. ಹೊಲಸು ಅದಾಳ."

ನಾನು ಕಣ್ಣು ಮುಚ್ಚಿಕೊಂಡೆ.

"ಆದ್ರ ಇದು ಆಕಿ ಹೊಲಸಲ್ಲ," ಎಂದಳು ಅತ್ತೆ.

"ಹೊಲಸಿನಾಗ ಆಕಿದು ಬ್ಯಾರೆ, ಇದು ಬ್ಯಾರೆ ಅಂತ ಹೆಂಗ ಹೇಳ್ತಿ?"

"ಹದಿನಾಲ್ಕು ವರ್ಷದಿಂದ ಆಕಿ ಹೊಲಸು ತೊಳೆಯಾಕಿ ನಾನು. ನನಗ ಗೊತ್ತಿಲ್ದ ನಿಮಗ ಗೊತ್ತಿರ್ತೈತೇನ್ರಿ? ಆಕಿದು ಒಲಿ ಮಸಿ. ಎಣ್ಣಿ ಜಿಡ್ಡು. ಕೈ ತೊಳೀದ ಮುಟ್ಟಿದ ರೊಟ್ಟಿ ಹಿಟ್ಟು. ಅಷ್ಟ. ಅದನ್ನ ಬಿಟ್ರ ಆಕಿದೊಂದು ಹೊಲಸು ಇಲ್ಲ. ಇದರಾಗ ಏನೈತಿ ನೋಡ್ರಿ, ಭತ್ತದ ಹೊಟ್ಟು. ನಾವು ಜ್ವಾಳ ತಿನ್ನೋ ಮಂದಿ. ನಮ್ದು ಎರಿ ಹೊಲ, ಕಾಲುವಿ ನೀರು ಕೆರಿಗಷ್ಟ, ಹೊಲಕ್ಕ ಇಲ್ಲ. ಹಬ್ಬಕ್ಕ ಒಂದು ಸೇರು ಅಕ್ಕಿ ತರ್ತೀವಿ, ಅದೂ ಅಂಗಡ್ಯಾಗಿಂದು. ಭತ್ತದ ಹೊಟ್ಟು ಮಾಡಾಕ ನಮ್ಮ ಸೊಸಿಗೆ ಭತ್ತ ಎಲ್ಲಿಂದ ಬರ್ಬೇಕು?"

"ಗಾಳಿಗೆ ಹಾರಿ ಬಂದಿರ್ಬೇಕು," ಎಂದರು ವಕೀಲರು.

"ನಾಕು ಪದರು ಐತ್ರಿ ಅದು. ಒಳಗಿಂದು ಬಿಚ್ಚಿ ನೋಡ್ರಿ. ಗಾಳಿ ಪದರು ಬಿಚ್ಚಿ ಒಳಗ ಹೋಗ್ತೈತೇನ್ರಿ? ನೀರ ಹೋಗ್ಬೇಕು."

"ಖರೇ ಐತಿ," ಎಂದು ಹಿಂದಿನಿಂದ ಬೀಬಿಯ ದನಿ ಬಂತು. ಸಾಹೇಬರು ಆಕೆಯನ್ನು ಸುಮ್ಮನಿರಿಸಿದರು.

ಆಮೇಲೆ ಒಂದು ಕೈಯಲ್ಲಿ ಮೂಗು ಹಿಡಿದು, ಇನ್ನೊಂದು ಕೈಯ ಪೆನ್ನಿನ ತುದಿಯಿಂದ ಪದರು ಬಿಡಿಸಿದರು. ಎರಡನೇ ಪದರು, ಮೂರನೇ ಪದರು. ಒಳಗೆಲ್ಲ ಹಳದಿ ಲೋಳೆ, ನಡುನಡುವೆ ಹೊಟ್ಟು. ಮೂಗಿನ ಮೇಲಿನ ಕರವಸ್ತ್ರ ಸರಿಸಿ ಒಮ್ಮೆ ಸರಿಯಾಗಿ ಮೂಸಿದರು. ಮಂಡ್ಯದ ಕಡೆಯವರು, ಭತ್ತ ನೆನೆದ ವಾಸನೆ ಅವರಿಗೆ ಹುಟ್ಟಿನಿಂದ ಗೊತ್ತು. "ಇದನ್ನು ಗುರುತು ಹಾಕಿ ಫೈಲಿಗೆ ಸೇರಿಸಿ," ಎಂದು ಗುಮಾಸ್ತನಿಗೆ ಹೇಳಿದರು. ಯಾವ ಫೈಲಿಗೆ ಹೇಗೆ ಸೇರಿಸುವುದೆಂದು ಗುಮಾಸ್ತ ಬಹಳ ಹೊತ್ತು ನಿಂತೇ ಇದ್ದ.

ಆದೇಶ ಬರಲು ಮೂರು ವಾರ ಹಿಡಿಯಿತು. ಚರಂಡಿಯನ್ನು ಕೂಡಲೇ ಮುಚ್ಚಬೇಕು, ಗಿರಣಿಯ ನೀರಿಗೆ ಗಿರಣಿಯ ಜಾಗದಲ್ಲೇ ಹೊಂಡ ತೋಡಬೇಕು, ಕೆರೆಯನ್ನು ಬರಿದು ಮಾಡಿ ಮುಂದಿನ ಸಲ ಕಾಲುವೆಗೆ ನೀರು ಬಿಟ್ಟಾಗ ಹೊಸದಾಗಿ ತುಂಬಿಸಿ ಕೊಡಬೇಕು. ಗಿರಣಿಯವರು ಗೊಣಗುತ್ತಲೇ ಮಾಡಿದರು. ಪಕ್ಕಾ ಚರಂಡಿಗೆಂದು ತರಿಸಿದ್ದ ಬಂಡೆಗಳೇ ಹೊಂಡದ ಗೋಡೆಗೆ ಹೋದವು. ನಮ್ಮ ಸೀನಿಯರ್ ಆದೇಶದ ಪ್ರತಿಯನ್ನು ಎರಡೂ ಕಣ್ಣು ತೆರೆದು ಓದಿದರು, ತೆಲುಗಿನಲ್ಲಿ ಏನೋ ಅಂದರು.

ಪ್ರತಿ ತೆಗೆದುಕೊಳ್ಳುವ ದಿನ ಐದು ಜನರ ಜೊತೆ ಸೊಸೆಯೂ ಬಂದಿದ್ದಳು. ಆದೇಶ ಇಂಗ್ಲಿಷಿನಲ್ಲಿತ್ತು. ನಾನು ಆಫೀಸಿನ ಹೊರಗಿನ ಕಟ್ಟೆಯ ಮೇಲೆ ಕೂತು ಒಂದೊಂದೇ ಸಾಲನ್ನು ಕನ್ನಡ ಮಾಡಿ ಓದಿದೆ. ಚರಂಡಿ ಮುಚ್ಚುವ ಮಾತು ಬಂದಾಗ ಬೀಬಿ ಎರಡೂ ಕೈ ಮೇಲಕ್ಕೆತ್ತಿ ದೇವರನ್ನು ನೆನೆದಳು. ಆಮೇಲೆ ಸಾಕ್ಷಿಗಳ ಬಗ್ಗೆ ಬರೆದದ್ದು ಬಂತು. ಅದನ್ನು ಬಿಟ್ಟು ಮುಂದೆ ಹೋಗಬಹುದಿತ್ತು, ಹೋಗಲಿಲ್ಲ. "ಈ ಸಾಕ್ಷಿ ತನಗೆ ಅವಮಾನವಾಗುವ ಸಂಗತಿಯನ್ನೂ ಮುಚ್ಚಿಡದೆ ಹೇಳಿದ್ದಾಳೆ. ಈಕೆ ನಂಬತಕ್ಕವಳು."

"ಯಾರಿಗೆ ಬರದಾರ್ರಿ ಅದು?" ಎಂದಳು ಸೊಸೆ.

"ನಿನಗೇ."

ಅತ್ತೆ ತನ್ನ ಬಗ್ಗೆ ಏನಿದೆ ಎಂದು ಕೇಳಿದಳು. ಅದೂ ಇತ್ತು: ಈ ಸಾಕ್ಷಿಗೆ ಈ ವಿಷಯದಲ್ಲಿ ದೀರ್ಘಕಾಲದ ಅನುಭವವಿದೆ. ಅತ್ತೆ ತಲೆಯಾಡಿಸಿ, ಸಾಹೇಬರು ತಿಳಿದವರು ಎಂದಳು.

"ಮೊದ್ಲಿಂದು ಇನ್ನೊಮ್ಮಿ ಓದ್ರಿ," ಎಂದಳು ಸೊಸೆ.

ಓದಿದೆ. ಆಕೆಯ ಕಣ್ಣಲ್ಲಿ ನೀರು ತುಂಬಿತು. ನನಗೂ ಅಕ್ಷರ ಮಂಜಾಯಿತು, ಕನ್ನಡಕ ಒರೆಸುವ ನೆಪ ಮಾಡಿದೆ. ಮದುವೆಯಾಗಿ ಬಂದಂದಿನಿಂದ ಆಕೆಯ ಬಗ್ಗೆ ಯಾರೂ ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಈಗ ಸರ್ಕಾರದ ಮೊಹರು ಹಾಕಿ ಬರೆದುಕೊಟ್ಟಿದ್ದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಸೆರಗಿನಲ್ಲಿ ಮೊಳದುದ್ದ ಒಲೆಯ ಮಸಿಯಿತ್ತು, ಮಸಿ ಕೆನ್ನೆಗೂ ಹತ್ತಿತು. ಅತ್ತೆ ಅದನ್ನು ನೋಡಿದಳು. ಬಾಯಿ ತೆರೆದಳು. ನಾನೂ, ಬೀಬಿಯೂ, ಉಳಿದ ಮೂವರೂ ಕಾದೆವು.

"ಓದ್ರಿ ವಕೀಲಮ್ಮಾರ," ಎಂದಳು ಅತ್ತೆ, "ಇನ್ನೊಮ್ಮಿ ಓದ್ರಿ, ಆಕಿ ಕೇಳ್ಲಿ."